ಗರ್ಭಿಣಿಗೆ ತುರಿಕೆ: ಯಾವುದಕ್ಕೆ ಕೊಬ್ಬರಿ ಎಣ್ಣೆ ಸಾಕು, ಯಾವುದಕ್ಕೆ ರಕ್ತ ಪರೀಕ್ಷೆ ಬೇಕೇ ಬೇಕು

ಗರ್ಭಿಣಿ ಮೈ ತುರಿಸುತ್ತೆ ಅಂದರೆ ಮನೆಯಲ್ಲಿ ಬರುವ ಉತ್ತರ ಸಾಮಾನ್ಯವಾಗಿ ಒಂದೇ. "ಉಷ್ಣ ಆಗಿದೆ, ಎಳನೀರು ಕುಡಿ, ಸ್ವಲ್ಪ ಹರಳೆಣ್ಣೆ ಹಚ್ಚಿಕೋ." ಬಹಳ ಸಲ ಅಷ್ಟಕ್ಕೇ ಮುಗಿದೂ ಹೋಗುತ್ತದೆ. ಈ ಸಮಯದ ತುರಿಕೆಗಳಲ್ಲಿ ಹೆಚ್ಚಿನವು ತಾಯಿಯ ನಿದ್ದೆ ಕೆಡಿಸುತ್ತವೆ, ಮಗುವಿಗೆ ಏನೂ ಮಾಡುವುದಿಲ್ಲ. ಆದರೆ ಒಂದು ತುರಿಕೆ ಹಾಗಲ್ಲ. ಚರ್ಮದ ಮೇಲೆ ಏನೂ ಕಾಣುವುದಿಲ್ಲ, ತೊಂದರೆ ಇರುವುದು ಲಿವರಿನಲ್ಲಿ, ಅಪಾಯ ಇರುವುದು ಮಗುವಿಗೆ. ಡಾಕ್ಟರುಗಳು ಇದನ್ನು ಕೊಲೆಸ್ಟಾಸಿಸ್ ಅಂತ ಕರೆಯುತ್ತಾರೆ. ಲಿವರಿನಿಂದ ಕರುಳಿಗೆ ಹೋಗಬೇಕಾದ ಪಿತ್ತರಸ ಸರಿಯಾಗಿ ಹರಿಯದೆ, ಅದರಲ್ಲಿನ ಬೈಲ್ ಆಸಿಡ್ ರಕ್ತಕ್ಕೆ ಸೇರಿಕೊಳ್ಳುವ ಕಾಯಿಲೆ ಇದು.

ಈ ಕಾಯಿಲೆ ಬಗ್ಗೆ 2019ರಿಂದ ಈಚೆಗೆ ಬಂದ ಅಧ್ಯಯನಗಳು ಡಾಕ್ಟರುಗಳ ಲೆಕ್ಕಾಚಾರವನ್ನೇ ಬದಲಾಯಿಸಿವೆ. ಮೊದಲು ಕಾಯಿಲೆ ಇದೆ ಅಂದರೆ ಸಾಕು, ಎಲ್ಲರಿಗೂ ಒಂದೇ ಭಯ, ಬೇಗ ಹೆರಿಗೆ ಮಾಡಿಸುವ ಒಂದೇ ಸಲಹೆ. ಈಗ ನೋಡುವುದು ರಕ್ತದಲ್ಲಿ ಬೈಲ್ ಆಸಿಡ್ ಎಷ್ಟಿದೆ ಅನ್ನುವ ಒಂದು ಸಂಖ್ಯೆಯನ್ನು. ಆ ಸಂಖ್ಯೆಯನ್ನು ಹೇಗೆ ಪಡೆಯಬೇಕು, ಹೇಗೆ ಓದಬೇಕು, ಅದನ್ನು ಇಟ್ಟುಕೊಂಡು ಡಾಕ್ಟರ ಹತ್ತಿರ ಏನು ಮಾತಾಡಬೇಕು ಅನ್ನುವುದೇ ಈ ಮಾರ್ಗದರ್ಶಿ. ಮಾತ್ರೆ ಮಾತ್ರ ಇದನ್ನು ಓದಿ ತೆಗೆದುಕೊಳ್ಳುವುದಲ್ಲ, ಡಾಕ್ಟರು ಬರೆದುಕೊಟ್ಟ ಮೇಲೆ.

ಹೆಜ್ಜೆ 1: ತುರಿಕೆಯನ್ನು ಸರಿಯಾಗಿ ನೋಡಿ

ಒಳ್ಳೆಯ ಬೆಳಕಿನಲ್ಲಿ, ಮನೆಯವರೊಬ್ಬರ ಸಹಾಯದಿಂದ ಮೈ ನೋಡಿಕೊಳ್ಳಿ. ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆ: ಮೊದಲು ಗುಳ್ಳೆ ಬಂದು ಆಮೇಲೆ ತುರಿಕೆಯೋ, ಅಥವಾ ಮೊದಲು ತುರಿಕೆ, ಕೆರೆದ ಮೇಲೆ ಗಾಯವೋ? ಉಗುರಿನ ಗೀರು, ಕೆರೆದು ಕಪ್ಪಾದ ಜಾಗ, ರಕ್ತದ ಸಣ್ಣ ಚುಕ್ಕೆ ಇವೆಲ್ಲ ಗುಳ್ಳೆ ಅಲ್ಲ. ಕೆರೆದ ಗುರುತು ಬಿಟ್ಟರೆ ಚರ್ಮ ನುಣ್ಣಗಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಎಲ್ಲಿ ತುರಿಸುತ್ತೆ, ಯಾವಾಗ ಜಾಸ್ತಿ, ಎಷ್ಟನೇ ವಾರದಲ್ಲಿ ಶುರುವಾಯಿತು, ಇಷ್ಟನ್ನು ಬರೆದಿಡಿ. ಗುಳ್ಳೆ ಇದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ನಿಮ್ಮ ಸರದಿ ಬರುವ ಹೊತ್ತಿಗೆ ಅದು ಅರ್ಧ ಇಳಿದಿರುತ್ತದೆ.

ಮನೆಯಲ್ಲಿ ಬೇರೆಯವರಿಗೂ ತುರಿಕೆ ಇದೆಯಾ ಅಂತ ಕೇಳಿ. ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ, ಸೊಂಟದಲ್ಲಿ ಸಣ್ಣ ಗುಳ್ಳೆ, ರಾತ್ರಿ ವಿಪರೀತ ತುರಿಕೆ, ಜೊತೆಗೆ ಮಕ್ಕಳೂ ಕೆರೆದುಕೊಳ್ಳುತ್ತಿದ್ದರೆ ಅದು ಹೆಚ್ಚಾಗಿ ಕಜ್ಜಿ. ಅದಕ್ಕೆ ಬಸುರಿನಲ್ಲೂ ಹಚ್ಚಬಹುದಾದ ಪರ್ಮೆಥ್ರಿನ್ ಕ್ರೀಮ್ ಇದೆ. ಮನೆಮಂದಿಯೆಲ್ಲ ಒಟ್ಟಿಗೆ ಹಚ್ಚದೆ ಇದ್ದರೆ ಮಾತ್ರ ಅದು ಹೋಗುವುದಿಲ್ಲ.

ಹೆಜ್ಜೆ 2: ಯಾವ ಗುಂಪು ಅಂತ ಅಂದಾಜು ಮಾಡಿ

2006ರಲ್ಲಿ ಆಸ್ಟ್ರಿಯಾ ಮತ್ತು ಬ್ರಿಟನ್ನಿನ ಎರಡು ಚರ್ಮರೋಗ ಕೇಂದ್ರಗಳು 505 ಗರ್ಭಿಣಿಯರ ದಾಖಲೆಗಳನ್ನು ಒಟ್ಟಿಗೆ ಪರಿಶೀಲಿಸಿ ಗರ್ಭಿಣಿಯರ ಚರ್ಮರೋಗಗಳನ್ನು ಹೊಸದಾಗಿ ವಿಂಗಡಿಸಿದವು. ಅದಕ್ಕೂ ಮೊದಲು ಒಂದೇ ಕಾಯಿಲೆಗೆ ನಾಲ್ಕಾರು ಹೆಸರಿದ್ದವು, ಗೊಂದಲವೋ ಗೊಂದಲ. ಆ ವಿಂಗಡಣೆಯನ್ನು ಮನೆಯವರಿಗೆ ಅರ್ಥವಾಗುವ ಹಾಗೆ ಹೇಳುವುದಾದರೆ ಹೀಗೆ.

ಮೊದಲ ಐದಾರು ತಿಂಗಳಲ್ಲೇ ಕುತ್ತಿಗೆ, ಮೊಣಕೈ ಮಡಿಕೆ, ಮಂಡಿ ಹಿಂಭಾಗದಲ್ಲಿ ಒಣಗಿದ ಕೆಂಪು ಚರ್ಮ, ತುರಿಕೆ. ಇದು ಇಸಬಿನ ಜಾತಿ. ಆ 505 ಮಂದಿಯಲ್ಲಿ ಸುಮಾರು ಅರ್ಧ ಜನರಿಗೆ ಇದ್ದದ್ದು ಇದೇ. ಮಗುವಿಗೆ ತೊಂದರೆ ಇಲ್ಲ.

ಎಂಟು ಒಂಬತ್ತನೇ ತಿಂಗಳಲ್ಲಿ, ಚೊಚ್ಚಲ ಬಸುರಿನಲ್ಲಿ ಅಥವಾ ಅವಳಿ ಇದ್ದಾಗ, ಹೊಟ್ಟೆಯ ಗೆರೆಗಳ ಮೇಲೆ ಕೆಂಪು ದದ್ದು ಏಳುವುದು ಇನ್ನೊಂದು. ನೋಡಲು ಭಯವಾಗುತ್ತದೆ. ತೊಡೆಗೂ ಇಳಿಯುತ್ತದೆ, ಆದರೆ ಹೊಕ್ಕಳ ಸುತ್ತ ಮಾತ್ರ ಬಿಟ್ಟಿರುತ್ತದೆ. ಇದೂ ಮಗುವಿಗೆ ಏನೂ ಮಾಡುವುದಿಲ್ಲ, ಹೆರಿಗೆಯ ನಂತರ ತಾನೇ ಹೋಗುತ್ತದೆ.

ಹೊಕ್ಕಳ ಸುತ್ತಲೇ ಶುರುವಾಗಿ, ದದ್ದು ದೊಡ್ಡದಾಗಿ, ನೀರು ತುಂಬಿದ ಬೊಬ್ಬೆಗಳಾದರೆ ಮಾತು ಬೇರೆ. ಇದಕ್ಕೆ ಪೆಂಫಿಗಾಯ್ಡ್ ಅನ್ನುತ್ತಾರೆ. ತಾಯಿಯ ರೋಗನಿರೋಧಕ ಶಕ್ತಿ ಅವಳದೇ ಚರ್ಮದ ಮೇಲೆ ತಿರುಗಿಬೀಳುವ ಅಪರೂಪದ ಕಾಯಿಲೆ. ಚರ್ಮದ ಸಣ್ಣ ಚೂರು ತೆಗೆದು ವಿಶೇಷ ಪರೀಕ್ಷೆಗೆ ಕಳಿಸಿದರೇ ಖಚಿತ. ಮಗು ತಿಂಗಳು ತುಂಬುವ ಮುಂಚೆ ಹುಟ್ಟುವ, ತೂಕ ಕಡಿಮೆ ಇರುವ ಸಾಧ್ಯತೆ ಇದೆ. 61 ಬಸುರುಗಳನ್ನು ನೋಡಿದ 2009ರ ಒಂದು ಅಧ್ಯಯನದಲ್ಲಿ, ಬೇಗ ಶುರುವಾದವರಿಗೆ ಮತ್ತು ಬೊಬ್ಬೆ ಬಂದವರಿಗೆ ಈ ತೊಂದರೆ ಜಾಸ್ತಿ ಕಂಡಿತು. ಇವರಿಗೆ ಸ್ಟೀರಾಯ್ಡ್ ಬೇಕಾಗಬಹುದು. ಚರ್ಮದ ಡಾಕ್ಟರು, ಹೆರಿಗೆ ಡಾಕ್ಟರು ಇಬ್ಬರೂ ಒಟ್ಟಿಗೆ ನೋಡಬೇಕು.

ಮೈಯೆಲ್ಲ ಕೆಂಪಾಗಿ, ಸಾಸಿವೆ ಕಾಳಿನಷ್ಟು ಕೀವು ಗುಳ್ಳೆಗಳು, ಜೊತೆಗೆ ಜ್ವರ ಬಂದರೆ ಈ ಮಾರ್ಗದರ್ಶಿ ಪಕ್ಕಕ್ಕಿಟ್ಟು ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಿ. ಅದು ಸೋರಿಯಾಸಿಸ್‌ನ ಗಂಭೀರ ರೂಪ ಇರಬಹುದು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುತ್ತದೆ, ತಾಯಿ ಮಗು ಇಬ್ಬರಿಗೂ ಅಪಾಯ.

ಕೊನೆಯದು ನಮ್ಮ ವಿಷಯ, ಕೊಲೆಸ್ಟಾಸಿಸ್. ಗುಳ್ಳೆಯೇ ಇಲ್ಲದ ತುರಿಕೆ. ಹೆಚ್ಚಾಗಿ ಏಳನೇ ತಿಂಗಳು ಕಳೆದ ಮೇಲೆ, ಅಂಗೈ ಅಂಗಾಲಿನಲ್ಲಿ ಶುರು, ರಾತ್ರಿ ಜಾಸ್ತಿ. ಮೂತ್ರ ಕಡು ಬಣ್ಣಕ್ಕೆ ತಿರುಗಬಹುದು, ಮಲ ಬಿಳಿಚಿಕೊಳ್ಳಬಹುದು. ಕಣ್ಣು ಹಳದಿಯಾಗುವುದು ಕೆಲವರಿಗೆ ಮಾತ್ರ, ಹಾಗಾಗಿ ಅದಕ್ಕೆ ಕಾಯುತ್ತಾ ಕೂರಬೇಡಿ. ಆ 505 ಮಂದಿಯಲ್ಲಿ ಇದು ಇದ್ದದ್ದು ಶೇ. 3ರಷ್ಟು ಜನರಿಗೆ. ಅಪರೂಪ ಅಲ್ವಾ ಅನಿಸಬಹುದು. ಆದರೆ ಅದು ಚರ್ಮದ ಡಾಕ್ಟರ ಬಳಿಗೆ ಬಂದವರ ಲೆಕ್ಕ, ಅದೂ ಯುರೋಪಿನದು. ಬ್ರಿಟನ್ನಿನಲ್ಲಿ ಒಟ್ಟಾರೆ 1000 ಗರ್ಭಿಣಿಯರಲ್ಲಿ ಸುಮಾರು 7 ಮಂದಿಗೆ ಕೊಲೆಸ್ಟಾಸಿಸ್ ಬಂದರೆ, ಅಲ್ಲೇ ನೆಲೆಸಿರುವ ಭಾರತ, ಪಾಕಿಸ್ತಾನ ಮೂಲದವರಲ್ಲಿ ಅದು 12ರಿಂದ 15. ಲಂಡನ್ನಿನಲ್ಲೋ ಲೆಸ್ಟರಿನಲ್ಲೋ ಇರುವ ಕನ್ನಡದ ಹೆಣ್ಣುಮಕ್ಕಳು ಮಿಡ್‌ವೈಫ್ ಹತ್ತಿರ ತುರಿಕೆಯ ಮಾತೆತ್ತಲು ಸಂಕೋಚಪಡಬೇಕಿಲ್ಲ.

ಹೆಜ್ಜೆ 3: ರಕ್ತ ಪರೀಕ್ಷೆ ಕೇಳಿ, ಹೆಸರು ಹೇಳಿಯೇ ಕೇಳಿ

ಗುಳ್ಳೆ ಇಲ್ಲದ ತುರಿಕೆ ಅಂತ ಗೊತ್ತಾದರೆ ಒಂದೆರಡು ದಿನದಲ್ಲೇ ಆಸ್ಪತ್ರೆಗೆ ಹೋಗಿ. ಮುಂದಿನ ಚೆಕಪ್ ತನಕ ಕಾಯಬೇಡಿ. ಎರಡು ಪರೀಕ್ಷೆ ಬೇಕು. ಒಂದು ಲಿವರ್ ಫಂಕ್ಷನ್ ಟೆಸ್ಟ್, ಎಲ್‌ಎಫ್‌ಟಿ. ಇನ್ನೊಂದು ಟೋಟಲ್ ಬೈಲ್ ಆಸಿಡ್.

ಎಡವುವುದು ಇಲ್ಲೇ. ಎಲ್‌ಎಫ್‌ಟಿ ಎಲ್ಲಾ ಕಡೆ ಆಗುತ್ತದೆ, ಬೇಗ ರಿಪೋರ್ಟ್ ಬರುತ್ತದೆ. ಬೈಲ್ ಆಸಿಡ್ ಪರೀಕ್ಷೆ ಸಣ್ಣ ಊರಿನ ಲ್ಯಾಬುಗಳಲ್ಲಿ ಆಗದೆ ಇರಬಹುದು. ರಕ್ತ ಅಲ್ಲಿ ತೆಗೆದು ದೊಡ್ಡ ಊರಿಗೆ ಕಳಿಸುತ್ತಾರೆ, ರಿಪೋರ್ಟ್ ತಡವಾಗುತ್ತದೆ, ದುಡ್ಡೂ ಜಾಸ್ತಿ. ಹಾಗಾಗಿ ಎಲ್‌ಎಫ್‌ಟಿ ಒಂದನ್ನೇ ಮಾಡಿ "ಎಲ್ಲಾ ನಾರ್ಮಲ್ ಇದೆ, ಹೋಗಮ್ಮ" ಅಂತ ಕಳಿಸಿಬಿಡುವುದುಂಟು. ಬೈಲ್ ಆಸಿಡ್ ಏರಿದ್ದೂ ಎಲ್‌ಎಫ್‌ಟಿ ಸರಿ ಇರಬಹುದು. "ಡಾಕ್ಟ್ರೇ, ಬೈಲ್ ಆಸಿಡ್ ಟೆಸ್ಟ್ ಬರೆದುಕೊಡ್ತೀರಾ?" ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಾ? ಹಳೇ ಪದ್ಧತಿಯಲ್ಲಿ ಬೇಕಿತ್ತು, ಆಗ 10 ದಾಟಿದರೆ ಕಾಯಿಲೆ ಅನ್ನುತ್ತಿದ್ದರು. ಊಟದ ನಂತರ ಬೈಲ್ ಆಸಿಡ್ ಎಷ್ಟು ಏರುತ್ತದೆ, ಯಾವ ಮಟ್ಟ ಮಗುವಿಗೆ ಅಪಾಯ ಅನ್ನುವುದನ್ನು ಮತ್ತೆ ಅಳೆದು ನೋಡಿದ ಮೇಲೆ ಬ್ರಿಟನ್ನಿನ ಸ್ತ್ರೀರೋಗ ತಜ್ಞರ ಕಾಲೇಜು 2022ರ ಮಾರ್ಗಸೂಚಿಯಲ್ಲಿ ಇದನ್ನು ಬದಲಿಸಿತು. ಯಾವ ಹೊತ್ತಿನಲ್ಲಾದರೂ ರಕ್ತ ಕೊಡಬಹುದು, ಲೀಟರಿಗೆ 19 ಮೈಕ್ರೋಮೋಲ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕೊಲೆಸ್ಟಾಸಿಸ್. ನಿಮ್ಮ ಲ್ಯಾಬ್ ರಿಪೋರ್ಟಿನ ಬದಿಯಲ್ಲಿ ಈಗಲೂ 10 ಅಂತ ಅಚ್ಚಾಗಿರಬಹುದು. 12 ಬಂದು ಕೆಂಪು ಅಕ್ಷರದಲ್ಲಿ ಕಂಡರೆ ಗಾಬರಿಯಾಗಬೇಡಿ. ಉಪವಾಸದಲ್ಲಿ ಕೊಟ್ಟಿದ್ದಾ, ಊಟದ ನಂತರವಾ ಅಂತ ಡಾಕ್ಟರಿಗೆ ಹೇಳಿ.

ಒಂದು ಸೂಕ್ಷ್ಮ ಇದೆ. ಈ ಕಾಯಿಲೆಗೆ ಕೊಡುವ ಉರ್ಸೋ ಮಾತ್ರೆ ತಾನೇ ಒಂದು ಬೈಲ್ ಆಸಿಡ್. ಮಾತ್ರೆ ಶುರುಮಾಡಿದ ಮೇಲೆ ರಕ್ತ ಕೊಟ್ಟರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಮೊದಲು ರಕ್ತ ಕೊಡಿ, ಆಮೇಲೆ ಮಾತ್ರೆ.

ರಿಪೋರ್ಟ್ ನಾರ್ಮಲ್ ಬಂತು, ತುರಿಕೆ ಮಾತ್ರ ಹೋಗಿಲ್ಲ ಅಂದರೆ ಸುಮ್ನಿರಬೇಡಿ. ಕೆಲವರಿಗೆ ತುರಿಕೆ ಮೊದಲು, ಸಂಖ್ಯೆ ಏರುವುದು ಆಮೇಲೆ. ಒಂದೆರಡು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಬೇಕು.

ಕಣ್ಣು ಹಳದಿ, ಜ್ವರ, ವಾಂತಿ, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಇದ್ದರೆ ಇದು ಬರೀ ಕೊಲೆಸ್ಟಾಸಿಸ್ ಅಲ್ಲದೆಯೂ ಇರಬಹುದು. ಹೆಪಟೈಟಿಸ್ ಇ ನಮ್ಮ ದೇಶದಲ್ಲಿ ಕೊಳೆ ನೀರಿನಿಂದ ಹರಡುತ್ತದೆ, ಬಸುರಿನ ಕೊನೆಯ ತಿಂಗಳುಗಳಲ್ಲಿ ಬಂದರೆ ತಾಯಿಯ ಜೀವಕ್ಕೇ ಅಪಾಯ. ಬಿಪಿ ಏರಿ ಲಿವರ್ ಕೆಡುವ ಕಾಯಿಲೆಯೂ ಇದೆ. ಇಂಥ ಹೊತ್ತಿನಲ್ಲಿ ಕಾಮಾಲೆಗೆ ನಾಟಿ ಔಷಧಿ ಕೊಡಿಸೋಣ ಅಂತ ಹೊರಡುವವರು ಪ್ರತಿ ಊರಿನಲ್ಲೂ ಇದ್ದಾರೆ. ಏನು ಬೆರೆಸಿದ್ದಾರೆ ಅಂತ ಗೊತ್ತಿಲ್ಲದ ಸೊಪ್ಪಿನ ರಸವನ್ನು, ಮೊದಲೇ ಬಳಲಿದ ಲಿವರಿಗೆ, ಅದೂ ಗರ್ಭಿಣಿಗೆ ಕೊಡಬಾರದು. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಹೆಜ್ಜೆ 4: ಸಂಖ್ಯೆಯನ್ನು ಓದಿ

2019ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಕ್ಯಾರೊಲಿನ್ ಒವಾಡಿಯಾ, ಕ್ಯಾಥರಿನ್ ವಿಲಿಯಮ್ಸನ್ ಮತ್ತು ಸಂಗಡಿಗರು ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಕಲೆಹಾಕಿದರು. ಕೊಲೆಸ್ಟಾಸಿಸ್ ಇದ್ದ 5000ಕ್ಕೂ ಹೆಚ್ಚು ಗರ್ಭಿಣಿಯರ ಒಬ್ಬೊಬ್ಬರ ದಾಖಲೆಯೂ ಸಿಕ್ಕಿತು. ಅವರು ಕೇಳಿದ ಪ್ರಶ್ನೆ ನೇರವಾದದ್ದು: ಹೊಟ್ಟೆಯಲ್ಲೇ ಮಗು ಹೋಗುವ ಅಪಾಯ ಯಾರಿಗೆ?

ಒಂದೇ ಮಗು ಹೊತ್ತವರಲ್ಲಿ ಉತ್ತರ ಹೀಗೆ ಬಂತು. ಬೈಲ್ ಆಸಿಡ್ ಅತಿ ಹೆಚ್ಚು ಏರಿದಾಗಲೂ 40ರ ಒಳಗೇ ಇದ್ದ 2310 ಮಂದಿಯಲ್ಲಿ 3 ಮಕ್ಕಳು, ಅಂದರೆ ಶೇ. 0.13. 40ರಿಂದ 99ರ ನಡುವೆ ಇದ್ದ 1412ರಲ್ಲಿ 4, ಶೇ. 0.28. ನೂರು ಮುಟ್ಟಿದ ಅಥವಾ ದಾಟಿದ 524ರಲ್ಲಿ 18, ಶೇ. 3.44.

ಮೊದಲ ಎರಡು ಗುಂಪಿನ ಅಪಾಯ ಕಾಯಿಲೆಯೇ ಇಲ್ಲದ ಗರ್ಭಿಣಿಯರಿಗಿಂತ ಹೆಚ್ಚೇನಲ್ಲ. ಮೂರನೆಯದರಲ್ಲಿ ಅದು ಒಮ್ಮೆಲೇ ಜಿಗಿಯುತ್ತದೆ, ಅದೂ 35-36ನೇ ವಾರದ ನಂತರ. ಅಂದರೆ "ನನಗೆ ಕೊಲೆಸ್ಟಾಸಿಸ್ ಇದೆ" ಅನ್ನುವ ಮಾತಿನಿಂದ ಏನೂ ತಿಳಿಯುವುದಿಲ್ಲ. 28 ಇರುವ ಹೆಂಗಸು, 130 ಇರುವ ಹೆಂಗಸು ಇಬ್ಬರಿಗೂ ಕಾಯಿಲೆಯ ಹೆಸರು ಒಂದೇ, ಆದರೆ ಇಬ್ಬರ ದಾರಿ ಪೂರ್ತಿ ಬೇರೆ.

ಎರಡು ಎಚ್ಚರಿಕೆ ಹೇಳಬೇಕು. ಅವಳಿ ಮಕ್ಕಳು, ಸಕ್ಕರೆ ಕಾಯಿಲೆ, ಬಿಪಿ ಜೊತೆಗಿದ್ದರೆ ಈ ಲೆಕ್ಕವನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ, ಅಪಾಯ ಇನ್ನೂ ಜಾಸ್ತಿ. ಮತ್ತೆ, ಸಂಖ್ಯೆ ಇವತ್ತು ಇದ್ದ ಹಾಗೆ ನಾಳೆ ಇರುವುದಿಲ್ಲ. 32ನೇ ವಾರದಲ್ಲಿ 35 ಇದ್ದದ್ದು 36ನೇ ವಾರದಲ್ಲಿ ನೂರು ದಾಟಬಹುದು. ಹಾಗಾಗಿ ಎಷ್ಟು ದಿನಕ್ಕೊಮ್ಮೆ ಪರೀಕ್ಷೆ ಅಂತ ಡಾಕ್ಟರ ಹತ್ತಿರ ಮೊದಲೇ ಮಾತಾಡಿ, ಪ್ರತಿ ಸಂಖ್ಯೆಯನ್ನೂ ತಾರೀಕಿನ ಸಮೇತ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ರಾತ್ರಿ ಹೊತ್ತು ಬೇರೆ ಆಸ್ಪತ್ರೆಗೆ ಓಡಬೇಕಾಗಿ ಬಂದರೆ ಅಲ್ಲಿನವರು ಮೊದಲು ನೋಡುವುದು ಆ ಕಾರ್ಡನ್ನೇ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ತಪಾಸಣೆಗೆ ಹೋದರೆ, ಅಪಾಯದ ಗರ್ಭಿಣಿಯರ ಕಾರ್ಡಿಗೆ ಕೆಂಪು ಸ್ಟಿಕ್ಕರ್ ಅಂಟಿಸುವ ಪದ್ಧತಿ ಇದೆ. ಆಶಾ ಕಾರ್ಯಕರ್ತೆಗೂ ವಿಷಯ ತಿಳಿಸಿ.

ಹೆಜ್ಜೆ 5: ಮಾತ್ರೆಯಿಂದ ಎಷ್ಟು ನಿರೀಕ್ಷಿಸಬೇಕು

ಉರ್ಸೋಡಿಆಕ್ಸಿಕೋಲಿಕ್ ಆಸಿಡ್, ಬಾಯಿಮಾತಿನಲ್ಲಿ ಉರ್ಸೋ. ಜಗತ್ತಿನ ಹೆಚ್ಚಿನ ಕಡೆ ಈ ಕಾಯಿಲೆಗೆ ಬರೆದುಕೊಡುವ ಮಾತ್ರೆ ಇದೇ. ನಿಜವಾಗಿ ಕೆಲಸ ಮಾಡುತ್ತದಾ ಅಂತ ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿದ್ದು ಪಿಚಸ್ ಅನ್ನುವ ಅಧ್ಯಯನ. ಲೂಸಿ ಚಾಪೆಲ್ ಅವರ ಮುಂದಾಳತ್ವ, ಇಂಗ್ಲೆಂಡ್ ಮತ್ತು ವೇಲ್ಸ್‌ನ 33 ಆಸ್ಪತ್ರೆ, 605 ಗರ್ಭಿಣಿಯರು. ಅರ್ಧದಷ್ಟು ಜನರಿಗೆ ಉರ್ಸೋ, ಉಳಿದವರಿಗೆ ನೋಡಲು ಅದೇ ಥರ ಇರುವ ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿಲ್ಲ, ತಾಯಿಗೂ ಗೊತ್ತಿಲ್ಲ.

2019ರಲ್ಲಿ ಬಂದ ಫಲಿತಾಂಶ ಅನೇಕರಿಗೆ ನಿರಾಸೆ ತಂದಿತು. ಮಗು ಸಾಯುವುದು, ಅವಧಿಗೆ ಮುಂಚೆ ಹುಟ್ಟುವುದು, ಹುಟ್ಟಿದ ಮೇಲೆ ನವಜಾತ ಶಿಶು ಘಟಕದಲ್ಲಿ ಇರಬೇಕಾಗುವುದು, ಈ ಮೂರರಲ್ಲಿ ಒಂದಾದರೂ ಆದದ್ದು ಉರ್ಸೋ ಗುಂಪಿನಲ್ಲಿ ಶೇ. 23, ಇನ್ನೊಂದರಲ್ಲಿ ಶೇ. 27. ಆ ವ್ಯತ್ಯಾಸ ಬರೀ ಆಕಸ್ಮಿಕವೂ ಇರಬಹುದು. ತುರಿಕೆ ಸ್ವಲ್ಪ ಕಡಿಮೆಯಾಯಿತು, ಆದರೆ ತಾಯಂದಿರಿಗೆ ಗೊತ್ತಾಗುವಷ್ಟಲ್ಲ.

ಹಾಗಾದರೆ ಮಾತ್ರೆ ಬಿಟ್ಟುಬಿಡಬೇಕಾ? ಅಷ್ಟು ಸರಳ ಇಲ್ಲ. 2021ರಲ್ಲಿ ಒವಾಡಿಯಾ ತಂಡವೇ 34 ಅಧ್ಯಯನಗಳನ್ನು ಒಟ್ಟುಗೂಡಿಸಿತು. ಮಗು ಹೊಟ್ಟೆಯಲ್ಲೇ ಹೋಗುವುದನ್ನು ಮಾತ್ರೆ ತಡೆದದ್ದು ಕಾಣಲಿಲ್ಲ, ಆದರೆ ಅವಧಿಗೆ ಮುಂಚೆ ತಾನಾಗಿ ಹೆರಿಗೆ ಆಗುವುದು ಕಡಿಮೆಯಾದ ಸೂಚನೆ ಸಿಕ್ಕಿತು. ಆದ್ದರಿಂದಲೇ ಇಬ್ಬರು ಒಳ್ಳೆಯ ಡಾಕ್ಟರುಗಳು ಬೇರೆ ಬೇರೆ ಮಾತು ಹೇಳಬಹುದು. ನನ್ನ ಅಭಿಪ್ರಾಯ ಕೇಳಿದರೆ, ಡಾಕ್ಟರು ಬರೆದುಕೊಟ್ಟರೆ ತೆಗೆದುಕೊಳ್ಳಿ, ಆದರೆ "ಮಾತ್ರೆ ನುಂಗ್ತಾ ಇದ್ದೀನಲ್ಲ" ಅಂತ ರಕ್ತ ಪರೀಕ್ಷೆ ತಪ್ಪಿಸಬೇಡಿ. ಮಾತ್ರೆ ಕೊಡುವ ಧೈರ್ಯ ಅದರ ಶಕ್ತಿಗಿಂತ ದೊಡ್ಡದು.

ತುರಿಕೆಗೆ ಮೆಂಥಾಲ್ ಇರುವ ಕ್ರೀಮ್, ತಣ್ಣೀರಿನ ಸ್ನಾನ, ಸಡಿಲವಾದ ಹತ್ತಿ ಬಟ್ಟೆ ಸ್ವಲ್ಪ ಹಾಯೆನಿಸುತ್ತವೆ. ಕೊಬ್ಬರಿ ಎಣ್ಣೆಯೂ ಆಗಬಹುದು. ನಿದ್ದೆಯೇ ಬಾರದಿದ್ದರೆ ಅದಕ್ಕೂ ಡಾಕ್ಟರು ಮಾತ್ರೆ ಕೊಡುತ್ತಾರೆ. ಮಲ ಜಿಡ್ಡುಜಿಡ್ಡಾಗಿ ಹೋಗುತ್ತಿದ್ದರೆ ತಪ್ಪದೆ ಹೇಳಿ. ಕೊಬ್ಬು ಅರಗದಿದ್ದರೆ ವಿಟಮಿನ್ ಕೆ ಕಡಿಮೆಯಾಗುತ್ತದೆ, ಹೆರಿಗೆಯಲ್ಲಿ ರಕ್ತ ಬೇಗ ನಿಲ್ಲುವುದಿಲ್ಲ.

ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಕೊಡುವ ಮಿಶ್ರಣದ ಕ್ರೀಮುಗಳ ವಿಷಯ ಬೇರೆಯೇ ಹೇಳಬೇಕು. ಫಂಗಸ್ ಔಷಧ, ಆಂಟಿಬಯೋಟಿಕ್, ಜೊತೆಗೆ ಕ್ಲೋಬೆಟಸಾಲ್‌ನಂಥ ಜೋರು ಸ್ಟೀರಾಯ್ಡ್, ಎಲ್ಲಾ ಒಂದೇ ಟ್ಯೂಬಿನಲ್ಲಿ. ಕೊಲೆಸ್ಟಾಸಿಸ್‌ಗೆ ಇದರಿಂದ ಏನೂ ಪ್ರಯೋಜನ ಇಲ್ಲ, ಚರ್ಮದಲ್ಲಿ ಕಾಯಿಲೆಯೇ ಇಲ್ಲವಲ್ಲ. ಇಸಬು ಇದ್ದವರಿಗೆ ಮೆದು ಸ್ಟೀರಾಯ್ಡ್ ಕ್ರೀಮ್ ಹೆದರಬೇಕಾದ್ದಲ್ಲ. ಆದರೆ ಇಡೀ ಬಸುರಿನಲ್ಲಿ ಜೋರು ಸ್ಟೀರಾಯ್ಡ್ ಕ್ರೀಮ್ 300 ಗ್ರಾಂಗಿಂತ ಹೆಚ್ಚು ಬಳಸಿದವರಿಗೆ ಕಡಿಮೆ ತೂಕದ ಮಗು ಹುಟ್ಟುವುದು ಜಾಸ್ತಿ ಅಂತ 2013ರ ಬ್ರಿಟನ್ನಿನ ದಾಖಲೆಗಳ ಅಧ್ಯಯನ ತೋರಿಸಿತು. 30 ಗ್ರಾಂ ಟ್ಯೂಬಿನ ಲೆಕ್ಕದಲ್ಲಿ ಹತ್ತು ಟ್ಯೂಬು. ದಿನಾ ಹೊಟ್ಟೆ ತುಂಬ ಹಚ್ಚುವವರಿಗೆ ಅದು ದೂರದ ಮಾತೇನಲ್ಲ.

ಹೆಜ್ಜೆ 6: ಹೆರಿಗೆ ಯಾವಾಗ ಅಂತ ಮೊದಲೇ ಮಾತಾಡಿ

ಬ್ರಿಟನ್ನಿನ 2022ರ ಮಾರ್ಗಸೂಚಿ ಹೀಗಿದೆ: ಅತಿ ಹೆಚ್ಚಿನ ಸಂಖ್ಯೆ 19ರಿಂದ 39ರೊಳಗೆ ಇದ್ದರೆ 40ನೇ ವಾರದವರೆಗೆ ಕಾಯಬಹುದು. 40ರಿಂದ 99 ಆದರೆ 38-39ನೇ ವಾರ. ನೂರು ಅಥವಾ ಮೇಲಾದರೆ 35-36ನೇ ವಾರ. ಅಮೆರಿಕದ ತಜ್ಞರ ಸಂಘ ನೂರು ದಾಟಿದವರಿಗೆ 36ನೇ ವಾರ, ಉಳಿದವರಿಗೆ 36ರಿಂದ 39ರ ನಡುವೆ ಅನ್ನುತ್ತದೆ. ನಿಮ್ಮ ಡಾಕ್ಟರು ಇದರಲ್ಲಿ ಯಾವುದನ್ನು ಅನುಸರಿಸುತ್ತಾರೆ ಅಂತ ಕೇಳಿ. 25 ಇರುವವರಿಗೆ 36ನೇ ವಾರದಲ್ಲೇ ಹೆರಿಗೆ ಮಾಡಿಸೋಣ ಅಂದರೆ ಕಾರಣ ಕೇಳುವ ಹಕ್ಕು ನಿಮಗಿದೆ. ತಿಂಗಳು ತುಂಬದ ಮಗುವಿಗೆ ಅದರದೇ ಕಷ್ಟಗಳಿವೆ. ಬೇರೆ ಕಾರಣ ಇದ್ದರೂ ಇರಬಹುದು, ಅದನ್ನು ಅವರು ಹೇಳುತ್ತಾರೆ. ಬೇಗ ಹೆರಿಗೆ ಅಂದರೆ ಸಿಜೇರಿಯನ್ನೇ ಆಗಬೇಕು ಅಂತಲೂ ಇಲ್ಲ, ನೋವು ಬರಿಸಿ ಹೆರಿಗೆ ಮಾಡಿಸಬಹುದು.

ನೂರರ ಹತ್ತಿರ ಇರುವವರು ನವಜಾತ ಶಿಶು ಘಟಕ ಇರುವ ಆಸ್ಪತ್ರೆಯನ್ನು ಈಗಲೇ ಗೊತ್ತುಮಾಡಿಕೊಳ್ಳಿ. ತವರಿಗೆ ಹೋಗುವ ಯೋಚನೆ ಇದ್ದರೆ ಅಲ್ಲಿಂದ ಆ ಆಸ್ಪತ್ರೆ ಎಷ್ಟು ದೂರ ಅಂತ ಲೆಕ್ಕ ಹಾಕಿ. ಸೀಮಂತ ಎಲ್ಲಿ ಬೇಕಾದರೂ ಆಗಲಿ, ಹೆರಿಗೆಯ ಊರನ್ನು ಸಂಖ್ಯೆ ನೋಡಿ ತೀರ್ಮಾನಿಸಿ.

ಈ ಕಾಯಿಲೆಯಲ್ಲಿ ಮಗುವಿಗೆ ತೊಂದರೆಯಾದರೆ ಅದು ಹಠಾತ್ತಾಗಿ ಆಗುತ್ತದೆ. ಬೈಲ್ ಆಸಿಡ್ ಮಗುವಿನ ಹೃದಯದ ಬಡಿತದ ಲಯ ಕೆಡಿಸುತ್ತದೆ ಅನ್ನುವುದಕ್ಕೆ ಪ್ರಯೋಗಾಲಯದ ಪುರಾವೆ ಇದೆ. ಬೆಳಿಗ್ಗೆ ಸ್ಕ್ಯಾನ್ ಚೆನ್ನಾಗಿತ್ತು ಅನ್ನುವುದು ಸಂಜೆಗೆ ಗ್ಯಾರಂಟಿ ಅಲ್ಲ. ಮಗುವಿನ ಓಡಾಟ ಕಡಿಮೆ ಅನಿಸಿದರೆ "ಬೆಳಿಗ್ಗೆ ನೋಡೋಣ" ಬೇಡ. 108ಕ್ಕೆ ಫೋನ್ ಮಾಡಿ, ಹೊರಡಿ.

ಹೆಜ್ಜೆ 7: "ನಮ್ಮ ಅಧ್ಯಯನಕ್ಕೆ ಸೇರ್ತೀರಾ?" ಅಂತ ಕೇಳಿದರೆ

ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಹೀಗೆ ಕೇಳಬಹುದು. "ನಮ್ಮ ಮೇಲೆ ಪ್ರಯೋಗ ಮಾಡ್ತಾರೆ" ಅಂತ ಎದ್ದು ಬರುವ ಮುಂಚೆ ನೆನಪಿಡಿ, ಮೇಲೆ ಹೇಳಿದ ಪ್ರತಿ ಸಂಖ್ಯೆಯೂ ಯಾವುದೋ ತಾಯಿ ಒಪ್ಪಿದ್ದರಿಂದ ಅಥವಾ ಅವಳ ದಾಖಲೆಯಿಂದ ಸಿಕ್ಕಿದ್ದು. ಹಾಗಂತ ಕಣ್ಣುಮುಚ್ಚಿ ಸಹಿ ಹಾಕುವುದೂ ಬೇಡ.

ಬರೀ ರಕ್ತ, ದಾಖಲೆ ತೆಗೆದುಕೊಳ್ಳುವ ಅಧ್ಯಯನವೋ, ಔಷಧ ಕೊಡುವ ಪರೀಕ್ಷೆಯೋ ಅಂತ ಮೊದಲು ತಿಳಿದುಕೊಳ್ಳಿ. ಔಷಧದ್ದಾದರೆ ಸಿಟಿಆರ್‌ಐ ನಂಬರ್ ಕೇಳಿ. ಇದು ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ನೋಂದಣಿ ವ್ಯವಸ್ಥೆ, 2007ರಲ್ಲಿ ಶುರುವಾಯಿತು, 2009ರಿಂದ ಔಷಧ ಪರೀಕ್ಷೆಗಳಿಗೆ ಕಡ್ಡಾಯ. ಆ ನಂಬರನ್ನು ಅವರ ವೆಬ್‌ಸೈಟಿನಲ್ಲಿ ಹಾಕಿದರೆ ಅಧ್ಯಯನದ ಉದ್ದೇಶ, ನಡೆಸುವವರು, ಅಧ್ಯಯನ ನ್ಯಾಯವಾಗಿದೆಯಾ ಅಂತ ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಎಲ್ಲಾ ಕಾಣುತ್ತದೆ.

ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಓದಲು ಬಾರದವರಿಗೆ ಆಸ್ಪತ್ರೆಗೆ ಸಂಬಂಧಪಡದ ಸಾಕ್ಷಿಯೊಬ್ಬರ ಎದುರು ಓದಿ ಹೇಳಬೇಕು. ಹೊಸದಾಗಿ ಕಂಡುಹಿಡಿದ ಔಷಧವಾದರೆ ಗರ್ಭಿಣಿಯರಂಥವರ ಒಪ್ಪಿಗೆಯನ್ನು ವಿಡಿಯೋ ಮಾಡಿಡಬೇಕು ಅನ್ನುವುದು ನಿಯಮ. ಪತ್ರವನ್ನು ಮನೆಗೆ ತಂದು, ನಾಲ್ಕು ಜನರ ಹತ್ತಿರ ಕೇಳಿ, ಆಮೇಲೆ ಹೇಳುತ್ತೇನೆ ಅನ್ನಿ. ಇವತ್ತೇ ಸಹಿ ಬೇಕು ಅಂತ ಆತುರ ಮಾಡಿದರೆ ಅದೇ ಒಂದು ಉತ್ತರ.

ಔಷಧವಿಲ್ಲದ ಮಾತ್ರೆ ನನಗೆ ಬರಬಹುದಾ? ಬಂದರೆ ಬೈಲ್ ಆಸಿಡ್ ಏರಿದಾಗ ಏನು ಮಾಡ್ತೀರಿ? ಮಗು ಹುಟ್ಟಿದ ಮೇಲೆ ಎಷ್ಟು ದಿನ ನೋಡ್ತೀರಿ? ಇವನ್ನು ಕೇಳಲೇಬೇಕು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಪರೀಕ್ಷೆಯಿಂದ ಆದ ಹಾನಿಗೆ ಚಿಕಿತ್ಸೆ, ಪರಿಹಾರ ಎರಡೂ ಉಂಟು, ಹೊಟ್ಟೆಯಲ್ಲಿರುವ ಮಗುವಿಗೆ ಆದ ಹಾನಿಯೂ ಅದರಲ್ಲಿ ಸೇರುತ್ತದೆ. ಬೇಡ ಅಂದರೆ, ಅಥವಾ ಅರ್ಧದಲ್ಲಿ ಹೊರಬಂದರೆ, ಮಾಮೂಲಿ ಚಿಕಿತ್ಸೆಗೆ ತೊಂದರೆ ಆಗಬಾರದು. ನಿರ್ಧಾರ ಗರ್ಭಿಣಿಯದು. ಅತ್ತೆಯೋ ಗಂಡನೋ ಅವಳ ಪರವಾಗಿ ಹೂಂ ಅನ್ನುವುದಲ್ಲ.

ಹೆಜ್ಜೆ 8: ಹೆರಿಗೆ ಆದ ಮೇಲೆ

ತುರಿಕೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಬಾಣಂತನದ ಗಡಿಬಿಡಿಯಲ್ಲಿ ಮರೆತುಹೋಗುವ ಕೆಲಸ ಒಂದಿದೆ: ನಾಲ್ಕು ವಾರ ಕಳೆದ ಮೇಲೆ ಎಲ್‌ಎಫ್‌ಟಿ ಇನ್ನೊಮ್ಮೆ ಮಾಡಿಸಬೇಕು. ಆಗಲೂ ಸರಿಹೋಗಿರದಿದ್ದರೆ ಲಿವರಿನಲ್ಲಿ ಬೇರೆ ಕಾಯಿಲೆ ಇದೆಯಾ ಅಂತ ಹುಡುಕಬೇಕು. ಹೆಪಟೈಟಿಸ್ ಸಿ ಇದ್ದವರಿಗೆ ಕೊಲೆಸ್ಟಾಸಿಸ್ ಬರುವುದು ಜಾಸ್ತಿ.

ಮಾಲಾ-ಎನ್‌ನಂಥ ಈಸ್ಟ್ರೋಜನ್ ಇರುವ ಗುಳಿಗೆ ಶುರುಮಾಡುವ ಮುಂಚೆ ನಿಮಗೆ ಈ ಕಾಯಿಲೆ ಬಂದಿತ್ತು ಅಂತ ಡಾಕ್ಟರಿಗೆ ಹೇಳಿ, ಕೆಲವರಿಗೆ ಅದರಿಂದಲೂ ತುರಿಕೆ ಮರಳುತ್ತದೆ. ಕಾಪರ್-ಟಿಗೆ ಆ ಚಿಂತೆ ಇಲ್ಲ.

ಮುಂದಿನ ಬಸುರಿನಲ್ಲಿ ಇದು ಮತ್ತೆ ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಹಳೇ ರಿಪೋರ್ಟುಗಳನ್ನು ಎತ್ತಿಟ್ಟು ಮೊದಲ ಚೆಕಪ್ಪಿಗೇ ಒಯ್ಯಿರಿ, ಅವತ್ತೇ ಎಲ್‌ಎಫ್‌ಟಿ ಮತ್ತು ಬೈಲ್ ಆಸಿಡ್ ಮಾಡಿಸಿಡಿ, ಆಮೇಲೆ ಹೋಲಿಸಿ ನೋಡಲು ಬೇಕಾಗುತ್ತದೆ. ಕಾಯಿಲೆಯಲ್ಲಿ ವಂಶವಾಹಿಯ ಪಾಲೂ ಇರುವುದರಿಂದ ಅಕ್ಕತಂಗಿಯರಲ್ಲಿ ಯಾರಾದರೂ ಬಸುರಾದರೆ ಅವರಿಗೂ ಹೇಳಿ: ಅಂಗೈ ತುರಿಸಿದರೆ ಉಷ್ಣ ಅಂತ ಬಿಡಬೇಡ, ರಕ್ತ ಕೊಡು.